ಈಸ್ಟ್ ಇಂಡಿಯಾ ಕಂಪನಿಯ ಯುದ್ಧಮೈತ್ರಿಗಳು (ದಕ್ಷಿಣ ಭಾರತ)

ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ 1766ರಿಂದ 1818ರವರೆಗೆ ದಕ್ಷಿಣ ಭಾರತದ ಅರಸರು, ನವಾಬರು ಮತ್ತು ಪಾಳೆಯಗಾರರೊಂದಿಗೆ ಯುದ್ಧದ ಅಗತ್ಯಕ್ಕಾಗಿ ಮಾಡಿಕೊಂಡ ಲಿಖಿತ ಕರಾರುಗಳನ್ನೂ ಅವುಗಳಿಂದ ಬೆಳೆದ ರಾಜಕೀಯ ಸಂಬಂಧಗಳನ್ನೂ ಕಂಪನಿಯ ಯುದ್ಧಮೈತ್ರಿಗಳು ಎಂದು ಕರೆಯುತ್ತಾರೆ. ಬಲಿಷ್ಠ ರಾಷ್ಟ್ರವೊಂದನ್ನು ಅದರ ಯುದ್ಧಕಾಲದ ಮಿತ್ರರು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಯನ್ನು ದಾಖಲೆಗಳ ಆಧಾರದಿಂದ ಪರೀಕ್ಷಿಸಲು ಈ ಅರ್ಧ ಶತಮಾನ ವಿಶೇಷ ಅನುಕೂಲ ಒದಗಿಸುತ್ತದೆ. ಮೈಸೂರು, ಕೊಡಗು, ಹೈದರಾಬಾದ್, ಪುಣೆ, ಆರ್ಕಾಟು, ತಿರುವಾಂಕೂರು, ಮಲಬಾರು ಮತ್ತು ಕಿತ್ತೂರು ಒಂದಲ್ಲ ಒಂದು ಯುದ್ಧದಲ್ಲಿ ಕಂಪನಿಯ ಜೊತೆಗಿದ್ದವು, ಇಲ್ಲವೇ ಅದರ ನೆರವಿನ ಭರವಸೆ ಪಡೆದಿದ್ದವು. 1834ರ ಹೊತ್ತಿಗೆ ಇವುಗಳಲ್ಲಿ ಕೆಲವು ಭೂಪಟದಿಂದ ಅಳಿಸಿಹೋಗಿದ್ದವು. ಉಳಿದವು ಕಂಪನಿಯ ರೆಸಿಡೆಂಟನ ಕಣ್ಗಾವಲಿನಲ್ಲಿ ಬದುಕಿದ್ದವು.

ಪರಿಭಾಷೆ

ಆ ಕಾಲದ ಕಾಗದಪತ್ರಗಳಲ್ಲಿ ಬರುವ ಕೌಲು, ಕರಾರು, ಸನದು, ಒಪ್ಪಂದ ಎಂಬ ಪದಗಳು ಒಂದೇ ಅರ್ಥದವಲ್ಲ. ಸಮಾನ ಸ್ಥಾನದ ಎರಡು ಅಧಿಕಾರಗಳ ನಡುವಿನ ಪತ್ರ ಒಪ್ಪಂದ. ಮೇಲಿನವನು ಕೆಳಗಿನವನಿಗೆ ಅಭಯವಾಗಿ ಕೊಡುವುದು ಕೌಲು. ಹಕ್ಕನ್ನೋ ಭೂಮಿಯನ್ನೋ ಸ್ಥಿರಪಡಿಸಿ ಕೊಡುವುದು ಸನದು. ಒಂದು ಸಂಸ್ಥಾನಕ್ಕೆ ಒಪ್ಪಂದ ಸಿಕ್ಕಿತೋ ಸನದು ಸಿಕ್ಕಿತೋ ಎಂಬುದರ ಮೇಲೆ ಅದರ ಮುಂದಿನ ಗತಿ ನಿಂತಿತ್ತು. ಕಿತ್ತೂರಿನ ಪ್ರಕರಣ ಇದಕ್ಕೆ ನಿದರ್ಶನ. ಮಿತ್ರ ಅರಸನ ಖರ್ಚಿನಲ್ಲಿ ಅವನ ರಾಜ್ಯದಲ್ಲೇ ನೆಲೆಗೊಳ್ಳುವ ಕಂಪನಿಯ ಪಡೆಯನ್ನು ಸಹಾಯಕ ಸೈನ್ಯ ಎಂದೂ ಅದಕ್ಕಾಗಿ ವರ್ಷವರ್ಷ ತೆರುವ ಹಣವನ್ನು ಪೊಗದಿ ಎಂದೂ ಈ ಲೇಖನದಲ್ಲಿ ಕರೆಯಲಾಗಿದೆ. ದರ್ಬಾರಿನಲ್ಲಿ ಕಂಪನಿಯ ಪ್ರತಿನಿಧಿಯಾಗಿದ್ದವನು ರೆಸಿಡೆಂಟ್. ಅರಸರ ಕಡೆಯಿಂದ ಮಾತುಕತೆಗೆ ಹೋಗುತ್ತಿದ್ದವನು ವಕೀಲ.

ಉಗಮ

ಕರ್ನಾಟಿಕ್ ಯುದ್ಧಗಳಲ್ಲಿ ಫ್ರೆಂಚರನ್ನು ಸೋಲಿಸಿದ ಮೇಲೆ ಕಂಪನಿಯ ಮದ್ರಾಸ್ ಸರ್ಕಾರ ಆರ್ಕಾಟಿನ ನವಾಬ ಮುಹಮ್ಮದ್ ಅಲಿಯನ್ನು ಮುಂದಿಟ್ಟುಕೊಂಡು ದಕ್ಷಿಣದ ರಾಜಕಾರಣಕ್ಕೆ ಇಳಿಯಿತು. 1766ರ ನವೆಂಬರಿನಲ್ಲಿ ಹೈದರಾಬಾದಿನ ನಿಜಾಮ್ ಅಲಿ ಖಾನನೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಉತ್ತರ ಸರ್ಕಾರ್ ಜಿಲ್ಲೆಗಳನ್ನು ಪಡೆದು, ಬೇಕಾದಾಗ ಸೈನ್ಯ ಕೊಡುವ ಮಾತು ಕೊಟ್ಟಿತು. ಮೊದಲ ಆಂಗ್ಲೋ–ಮೈಸೂರು ಯುದ್ಧಕ್ಕೆ ಕಂಪನಿಯನ್ನು ಎಳೆದ ಕಾರಣಗಳಲ್ಲಿ ಈ ಮಾತೂ ಒಂದು.

ಕಂಪನಿ ಎಂಬುದು ಹೊರಗಿನವರಿಗೆ ಒಂದೇ ಶಕ್ತಿಯಾಗಿ ಕಂಡರೂ ಒಳಗೆ ಹಾಗಿರಲಿಲ್ಲ. ಮದ್ರಾಸ್, ಮುಂಬಯಿ, ಕಲ್ಕತ್ತಾ ಎಂಬ ಮೂರು ಸರ್ಕಾರಗಳು ತಮ್ಮಷ್ಟಕ್ಕೆ ತಾವು ಯುದ್ಧ ಹೂಡುತ್ತಿದ್ದವು, ಸಂಧಿ ಮಾಡುತ್ತಿದ್ದವು. ಅವುಗಳ ಮೇಲೆ ಲಂಡನಿನ ನಿರ್ದೇಶಕ ಮಂಡಳಿ ಇತ್ತು; ಅಲ್ಲಿಗೆ ಕಾಗದ ಹೋಗಿ ಉತ್ತರ ಬರಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತಿತ್ತು. ಇದರ ಜೊತೆಗೆ ಬ್ರಿಟಿಷ್ ದೊರೆಯ ಹೆಸರಿನಲ್ಲಿ ಬರುತ್ತಿದ್ದ ನೌಕಾದಳದ ಅಧಿಕಾರಿಗಳೂ ಅರಸರೊಂದಿಗೆ ನೇರವಾಗಿ ಮಾತಾಡುತ್ತಿದ್ದರು. 1775ರಲ್ಲಿ ಮುಂಬಯಿ ಸರ್ಕಾರ ರಘುನಾಥರಾವ್ ಪೇಶ್ವೆಯೊಂದಿಗೆ ಸೂರತ್ತಿನಲ್ಲಿ ಮಾಡಿದ ಒಪ್ಪಂದವನ್ನು ಕಲ್ಕತ್ತಾ ತಳ್ಳಿಹಾಕಿ, 1776ರಲ್ಲಿ ಅವನ ವಿರೋಧಿಗಳೊಂದಿಗೆ ಪುರಂದರದಲ್ಲಿ ಬೇರೊಂದನ್ನೇ ಮಾಡಿಕೊಂಡಿತು. 1773ರ ರೆಗ್ಯುಲೇಟಿಂಗ್ ಕಾಯಿದೆ ಮತ್ತು 1784ರ ಪಿಟ್ಟನ ಇಂಡಿಯಾ ಕಾಯಿದೆ ಈ ಗೊಂದಲವನ್ನು ಸರಿಪಡಿಸಲು ಬಂದವು. ಎರಡನೆಯದು ಇನ್ನೊಂದು ಪರಿಣಾಮವನ್ನೂ ತಂದಿತು. ಯುದ್ಧಕ್ಕೆ ಎಡೆಕೊಡುವ ಹೊಸ ಮೈತ್ರಿಗಳನ್ನು ಲಂಡನಿನ ಅಪ್ಪಣೆಯಿಲ್ಲದೆ ಮಾಡಬಾರದೆಂದು ಅದು ಕಟ್ಟುಮಾಡಿದ್ದರಿಂದ, ಮಿತ್ರನಿಗೆ ನೆರವು ನಿರಾಕರಿಸಬೇಕಾದಾಗ ತೋರಿಸಲು ಗವರ್ನರ್ ಜನರಲ್‌ಗೆ ಕಾನೂನಿನ ನೆಪವೊಂದು ಸಿಕ್ಕಿತು.

1769ರ ಮದ್ರಾಸ್ ಒಪ್ಪಂದ

ಮೈಸೂರಿನ ಹೈದರಾಲಿ 1769ರ ಮಾರ್ಚಿನಲ್ಲಿ ಇಂಗ್ಲಿಷ್ ಸೈನ್ಯದ ಕಣ್ಣುತಪ್ಪಿಸಿ, ಕುದುರೆ ಪಡೆಯೊಂದಿಗೆ ಮದ್ರಾಸಿನ ಬಾಗಿಲಿಗೇ ಬಂದು ಸೇಂಟ್ ಥಾಮಸ್ ಬೆಟ್ಟದ ಬಳಿ ಬೀಡುಬಿಟ್ಟ. ಏಪ್ರಿಲ್ ಆರಂಭದಲ್ಲಿ ಮದ್ರಾಸ್ ಸರ್ಕಾರ ಅವನು ಹೇಳಿದಂತೆ ಸಂಧಿಗೆ ಒಪ್ಪಿತು. ಗೆದ್ದ ಪ್ರದೇಶಗಳನ್ನು ಎರಡೂ ಕಡೆಯವರು ಬಿಟ್ಟುಕೊಡುವುದು, ಸೆರೆಯಾಳುಗಳನ್ನು ಬಿಡುವುದು ಮತ್ತು ಇಬ್ಬರಲ್ಲಿ ಯಾರ ಮೇಲೆ ಹೊರಗಿನವರು ಏರಿಬಂದರೂ ಮತ್ತೊಬ್ಬರು ಸೈನ್ಯ ಸಮೇತ ನೆರವಾಗುವುದು ಅದರ ಮುಖ್ಯ ಷರತ್ತುಗಳು. ಹೈದರನಿಗೆ ಬೇಕಾಗಿದ್ದುದು ಕೊನೆಯ ಷರತ್ತು. ಮರಾಠರು ಮತ್ತೆ ಬರುತ್ತಾರೆಂದು ಅವನಿಗೆ ತಿಳಿದಿತ್ತು.

ಅವರು ಬಂದೇಬಂದರು. ಪೇಶ್ವೆ ಮಾಧವರಾವ್ 1770ರಲ್ಲಿ ಮೈಸೂರಿನೊಳಗೆ ನುಗ್ಗಿ ನಿಜಗಲ್ಲು ಕೋಟೆಯನ್ನು ಹಿಡಿದ. ಅವನು ಅಸ್ವಸ್ಥನಾಗಿ ಹಿಂತಿರುಗಿದ ಮೇಲೆ ತ್ರಿಂಬಕರಾವ್ ದಂಡನ್ನು ಮುನ್ನಡೆಸಿದ. 1771ರ ಮಾರ್ಚಿನಲ್ಲಿ ಮೇಲುಕೋಟೆಯ ಸಮೀಪದ ಚಿನಕುರಳಿಯಲ್ಲಿ ಹೈದರನ ಸೈನ್ಯ ನುಚ್ಚುನೂರಾಯಿತು; ಅವನು ಶ್ರೀರಂಗಪಟ್ಟಣ ಸೇರಿಕೊಂಡು ಮುತ್ತಿಗೆಯನ್ನು ತಡೆದುಕೊಂಡ. ಒಪ್ಪಂದದಂತೆ ನೆರವು ಕೋರಿ ಮದ್ರಾಸಿಗೆ ಮತ್ತೆ ಮತ್ತೆ ಬರೆದರೂ ಒಂದು ತುಕಡಿಯೂ ಬರಲಿಲ್ಲ. 1772ರಲ್ಲಿ ಹಣ ಮತ್ತು ನೆಲ ತೆತ್ತು ಮರಾಠರೊಂದಿಗೆ ಸಂಧಿ ಮಾಡಿಕೊಳ್ಳಬೇಕಾಯಿತು.

ಮಾತು ಏಕೆ ತಪ್ಪಿತು ಎಂಬುದಕ್ಕೆ ಮದ್ರಾಸಿನ ಕಡತಗಳಲ್ಲೇ ಉತ್ತರವಿದೆ. ಹೈದರನನ್ನು ಕಂಡರಾಗದ ನವಾಬ ಮುಹಮ್ಮದ್ ಅಲಿ ಒಪ್ಪಂದಕ್ಕೆ ತಾನು ಬದ್ಧನಲ್ಲ ಎಂಬ ನಿಲುವು ತಾಳಿದ್ದ. ಕರ್ನಾಟಿಕ್ ಸೀಮೆಯ ಹಣವಿಲ್ಲದೆ ಮದ್ರಾಸ್ ದಂಡು ಹೊರಡಿಸುವಂತಿರಲಿಲ್ಲ. 1770ರಲ್ಲಿ ಬ್ರಿಟಿಷ್ ದೊರೆಯ ಪ್ರತಿನಿಧಿಯಾಗಿ ಬಂದ ಸರ್ ಜಾನ್ ಲಿಂಡ್ಸೆ ನವಾಬನ ಮಾತು ಕೇಳಿ, ಮರಾಠರೊಂದಿಗೆ ಸೇರಬೇಕೆಂದು ಒತ್ತಾಯಿಸಿದ. ಮದ್ರಾಸ್ ಕೌನ್ಸಿಲ್ ಮರಾಠರನ್ನೂ ಸೇರಲಿಲ್ಲ, ಹೈದರನಿಗೂ ನೆರವಾಗಲಿಲ್ಲ. ಮೇಲಿನ ಅಪ್ಪಣೆಗೆ ಕಾಯುತ್ತಿದ್ದೇವೆಂದು ಎರಡೂ ಕಡೆಗೆ ಹೇಳುತ್ತ ಕಾಲ ತಳ್ಳಿತು. ಷರತ್ತಿನ ಭಾಷೆ ಇಲ್ಲಿ ಅಸ್ಪಷ್ಟವಾಗಿರಲಿಲ್ಲ. ಬೆದರಿಕೆಯ ಕೆಳಗೆ ಸಹಿ ಮಾಡಿದವರಿಗೆ ಬೆದರಿಕೆ ದೂರವಾದ ಮೇಲೆ ಅದನ್ನು ಪಾಲಿಸುವ ಕಾರಣ ಕಾಣಲಿಲ್ಲ, ಅಷ್ಟೇ.

ಪರಿಣಾಮ ಹತ್ತು ವರ್ಷ ತಡವಾಗಿ ಬಂತು. ಹೈದರ್ ಕಂಪನಿಯ ಮೈತ್ರಿಯ ಆಸೆಯನ್ನು ಕೈಬಿಟ್ಟು ಫ್ರೆಂಚರ ಕಡೆಗೆ ತಿರುಗಿದ. 1779ರಲ್ಲಿ, ಅವನ ಎಚ್ಚರಿಕೆಯನ್ನು ಲೆಕ್ಕಿಸದೆ, ಕಂಪನಿ ಮಾಹೆ ಬಂದರನ್ನು ಹಿಡಿಯಿತು. ಆ ವರ್ಷ ಮದ್ರಾಸ್ ಗವರ್ನರನ ದೂತನಾಗಿ ಪಾದ್ರಿ ಷ್ವಾರ್ಟ್ಸ್ ಶ್ರೀರಂಗಪಟ್ಟಣಕ್ಕೆ ಬಂದಾಗ ಹೈದರ್ ಅವನನ್ನು ಗೌರವದಿಂದ ಕಂಡನಾದರೂ ರಾಜಿಯ ಮಾತು ಮುಂದುವರಿಯಲಿಲ್ಲ. 1780ರ ಜುಲೈಯಲ್ಲಿ ಅವನು ಘಟ್ಟ ಇಳಿದ. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ಪೂರ್ತಿಯಾಗಿ ನಾಶವಾಯಿತು.

ರಾಣಿ ಲಕ್ಷ್ಮಮ್ಮಣ್ಣಿಯ ಕರಾರು

ಎರಡನೆಯ ಆಂಗ್ಲೋ–ಮೈಸೂರು ಯುದ್ಧದ ನಡುವೆ ಕಂಪನಿ ಮೈಸೂರಿನೊಳಗೇ ಮತ್ತೊಂದು ಮಿತ್ರಪಕ್ಷವನ್ನು ಕಂಡುಕೊಂಡಿತು. ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿ ಲಕ್ಷ್ಮಮ್ಮಣ್ಣಿ ಅರಮನೆಯಲ್ಲಿ ಹೈದರನ ಕಾವಲಿನಲ್ಲಿದ್ದುಕೊಂಡೇ, ತಿರುಮಲರಾವ್ ಎಂಬ ಪ್ರಧಾನನ ಮೂಲಕ ಇಂಗ್ಲಿಷರೊಂದಿಗೆ ಗುಟ್ಟಾಗಿ ಸಂಪರ್ಕ ಇಟ್ಟುಕೊಂಡಿದ್ದಳು. 1782ರಲ್ಲಿ ತಂಜಾವೂರಿನಲ್ಲಿ ಕಂಪನಿಯ ಪರವಾಗಿ ಜಾನ್ ಸಲಿವನ್ ಅವಳ ವಕೀಲನೊಂದಿಗೆ ಕರಾರು ಮಾಡಿಕೊಂಡ. ಒಡೆಯರ ಮನೆತನವನ್ನು ಮತ್ತೆ ಸಿಂಹಾಸನಕ್ಕೆ ತರಲು ಕಂಪನಿ ಯುದ್ಧ ಮಾಡುತ್ತದೆ, ಅದರ ವೆಚ್ಚವನ್ನು ರಾಣಿ ಹಂತಹಂತವಾಗಿ ತೀರಿಸುತ್ತಾಳೆ ಎಂಬುದು ಅದರ ತಿರುಳು.

1784ರ ಮಾರ್ಚ್ 11ರಂದು ಹೈದರನ ಮಗ ಟಿಪ್ಪು ಸುಲ್ತಾನನೊಂದಿಗೆ ಮಂಗಳೂರಿನಲ್ಲಿ ಸಂಧಿಯಾದಾಗ ರಾಣಿಯ ಹೆಸರೂ ಬರಲಿಲ್ಲ, ಒಡೆಯರ ಹೆಸರೂ ಬರಲಿಲ್ಲ. ಕರಾರು ಬಯಲಾಗಿದ್ದರೆ ಪ್ರಾಣಾಪಾಯ ರಾಣಿಗಿತ್ತೇ ಹೊರತು ಸಲಿವನ್‌ಗಲ್ಲ. ಮಿತ್ರರಿಬ್ಬರ ಅಪಾಯದ ಪಾಲು ಎಷ್ಟು ಅಸಮಾನವಾಗಿರಬಲ್ಲದು ಎಂಬುದಕ್ಕೆ ಈ ಅವಧಿಯಲ್ಲಿ ಇದಕ್ಕಿಂತ ಸ್ಪಷ್ಟ ಉದಾಹರಣೆಯಿಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಒಡೆಯರ ಮನೆತನ ಸಿಂಹಾಸನಕ್ಕೆ ಮರಳಿತು, ಆದರೆ 1782ರ ಕರಾರಿನ ಬಲದಿಂದಲ್ಲ. ಟಿಪ್ಪುವಿನ ರಾಜ್ಯವನ್ನು ಪೂರ್ತಿಯಾಗಿ ಹಂಚಿಕೊಂಡರೆ ನಿಜಾಮನ ಬಲ ಅತಿಯಾಗಿ ಬೆಳೆಯುತ್ತದೆ ಎಂಬ ಗವರ್ನರ್ ಜನರಲ್ ವೆಲ್ಲೆಸ್ಲಿಯ ಲೆಕ್ಕಾಚಾರದಿಂದ.

1790ರ ತ್ರಿಕೂಟ

ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ 1789ರ ಜುಲೈಯಲ್ಲಿ ನಿಜಾಮನಿಗೆ ಬರೆದ ಪತ್ರವೊಂದರಲ್ಲಿ, ಕಂಪನಿಯ ಪಡೆಯನ್ನು ಯಾರಯಾರ ಮೇಲೆ ಬಳಸಬಾರದು ಎಂದು ಹೆಸರುಗಳ ಪಟ್ಟಿ ಕೊಟ್ಟ. ಅದರಲ್ಲಿ ಟಿಪ್ಪುವಿನ ಹೆಸರು ಇರಲಿಲ್ಲ. ಹೊಸ ಒಪ್ಪಂದವೆಂದು ಕರೆಯದೆಯೇ ಒಪ್ಪಂದದ ಕೆಲಸ ಮಾಡಿದ ಈ ಪತ್ರ 1784ರ ಕಾಯಿದೆಯನ್ನು ಸುತ್ತಿಬಳಸಿ ಸಾಗಿದ ದಾರಿ. ಅದೇ ಡಿಸೆಂಬರಿನಲ್ಲಿ ಟಿಪ್ಪು ತಿರುವಾಂಕೂರಿನ ಗಡಿಗೋಡೆ ನೆಡುಂಕೋಟೆಯ ಮೇಲೆ ಬಿದ್ದ. 1790ರ ಜೂನ್ ಮತ್ತು ಜುಲೈಯಲ್ಲಿ ಪೇಶ್ವೆ ಹಾಗೂ ನಿಜಾಮನೊಂದಿಗೆ ಒಪ್ಪಂದಗಳಾದವು. ಗೆದ್ದುದನ್ನು ಮೂವರೂ ಸಮನಾಗಿ ಹಂಚಿಕೊಳ್ಳುವುದೆಂದು ನಿಶ್ಚಯವಾಯಿತು.

ಕಂಪನಿಯ ಯುದ್ಧಮೈತ್ರಿಗಳಲ್ಲಿ ಮಾತಿಗೆ ಹತ್ತಿರವಾಗಿ ನಡೆದದ್ದು ಇದೇ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದ ಕಾರ್ನ್‌ವಾಲಿಸ್ ದಿನಸಿ ಮುಗಿದು, ಎತ್ತುಗಳು ಸತ್ತು, ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಮ್ಮೆಟ್ಟುವಾಗ ಪರಶುರಾಮಭಾವು ಮತ್ತು ಹರಿಪಂತನ ಮರಾಠಾ ದಂಡು ಎದುರಾಯಿತು. ಅದರ ಜೊತೆಗಿದ್ದ ಬಜಾರಿನ ಧಾನ್ಯ ಹಸಿದ ಇಂಗ್ಲಿಷ್ ಪಾಳೆಯವನ್ನು ಉಳಿಸಿತು. 1792ರ ಮಾರ್ಚಿನ ಶ್ರೀರಂಗಪಟ್ಟಣ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಬೇಕಾಯಿತು. ಇಬ್ಬರು ಮಕ್ಕಳು ಒತ್ತೆಯಾದರು. ಪಾಲು ಮೂವರಿಗೂ ಕರಾರಿನಂತೆಯೇ ಸಂದಿತು. ಈ ಯುದ್ಧದಲ್ಲಿ ಕಂಪನಿಗೆ ಮಿತ್ರರ ಅಗತ್ಯ ಕೊನೆಯ ದಿನದವರೆಗೂ ಇತ್ತು ಎಂಬುದನ್ನು ಮರೆಯಬಾರದು.

ನಿಜಾಮ: ಖರ್ಡಾದಿಂದ ದತ್ತ ಮಂಡಲಕ್ಕೆ

ಮೂರು ವರ್ಷಗಳಲ್ಲೇ ತ್ರಿಕೂಟದ ಇಬ್ಬರು ಮಿತ್ರರು ಪರಸ್ಪರ ಕಾದಾಡಿದರು. 1795ರ ಮಾರ್ಚಿನಲ್ಲಿ ಖರ್ಡಾದಲ್ಲಿ ಮರಾಠರು ನಿಜಾಮನನ್ನು ಸೋಲಿಸಿದರು. ನಿಜಾಮನ ಹಣದಿಂದಲೇ ಸಾಕಲ್ಪಟ್ಟ ಕಂಪನಿಯ ಎರಡು ಬೆಟಾಲಿಯನ್‌ಗಳಿದ್ದರೂ ಮರಾಠರ ವಿರುದ್ಧ ಅವು ಹೋರಾಡುವಂತಿರಲಿಲ್ಲ. ಗವರ್ನರ್ ಜನರಲ್ ಸರ್ ಜಾನ್ ಶೋರ್, ಇಬ್ಬರು ಮಿತ್ರರ ಜಗಳದಲ್ಲಿ ಕಂಪನಿಗೆ ಹೊಣೆಯಿಲ್ಲವೆಂದು ಪಕ್ಕಕ್ಕೆ ನಿಂತ. ಅಕ್ಷರಕ್ಕೆ ನೋಡಿದರೆ ಅವನ ಓದು ತಪ್ಪಲ್ಲ. ನಿಜಾಮನಿಗೆ ಮಾತ್ರ ಅದು ಕೈಕೊಟ್ಟಂತೆಯೇ ಕಂಡಿತು. ಅವನು ಆ ಬೆಟಾಲಿಯನ್‌ಗಳನ್ನು ಹಿಂದಕ್ಕೆ ಕಳಿಸಿ, ಫ್ರೆಂಚ್ ಅಧಿಕಾರಿ ರೇಮಂಡನ ಕೈಕೆಳಗಿನ ಪಡೆಯನ್ನು ಬೆಳೆಸಿದ.

1798ರ ಸೆಪ್ಟೆಂಬರಿನಲ್ಲಿ ವೆಲ್ಲೆಸ್ಲಿ ಮರಾಠರ ಬಗ್ಗೆ ನಿಜಾಮನಿಗಿದ್ದ ಭಯವನ್ನೇ ಬಳಸಿಕೊಂಡು ಹೊಸ ಒಪ್ಪಂದ ಮಾಡಿಸಿದ. ಆರು ಬೆಟಾಲಿಯನ್‌ಗಳ ಸಹಾಯಕ ಸೈನ್ಯಕ್ಕೆ ವರ್ಷಕ್ಕೆ ಸುಮಾರು 24 ಲಕ್ಷ ರೂಪಾಯಿ ಪೊಗದಿ ನಿಗದಿಯಾಯಿತು. ಫ್ರೆಂಚ್ ಪಡೆ ಅಕ್ಟೋಬರಿನಲ್ಲಿ ನಿರಾಯುಧವಾಯಿತು. 1800ರ ಅಕ್ಟೋಬರಿನ ಒಪ್ಪಂದದಲ್ಲಿ, ಹೆಚ್ಚಿಸಿದ ಸೈನ್ಯದ ಖರ್ಚಿಗಾಗಿ ನಿಜಾಮ 1792 ಮತ್ತು 1799ರಲ್ಲಿ ಮೈಸೂರಿನಿಂದ ತನಗೆ ಬಂದ ಪ್ರದೇಶಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ಎರಡು ಯುದ್ಧಗಳಲ್ಲಿ ಮಿತ್ರನಾಗಿ ದುಡಿದ ಸಂಪಾದನೆ ಒಂದು ಸಹಿಯಲ್ಲಿ ಕೈದಾಟಿತು. ಬಳ್ಳಾರಿ, ಅನಂತಪುರ, ಕಡಪ ಸೀಮೆಗಳಿಗೆ ದತ್ತ ಮಂಡಲ ಎಂಬ ಹೆಸರು ಬಂದದ್ದು ಹೀಗೆ. ಥಾಮಸ್ ಮನ್ರೋ ಅಲ್ಲಿನ ಪ್ರಧಾನ ಕಲೆಕ್ಟರನಾಗಿ ಕಂದಾಯ ವ್ಯವಸ್ಥೆ ಕಟ್ಟಿದ.

ಮೈತ್ರಿಪತ್ರಗಳ ರಚನೆ

1798ರ ನಂತರದ ಪತ್ರಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. ಮೊದಲು ಶಾಶ್ವತ ಸ್ನೇಹದ ಘೋಷಣೆ: ಒಬ್ಬರ ಮಿತ್ರರೂ ಶತ್ರುಗಳೂ ಇನ್ನೊಬ್ಬರಿಗೂ ಹಾಗೆಯೇ. ಬಳಿಕ ಸಹಾಯಕ ಸೈನ್ಯದ ಗಾತ್ರ ಮತ್ತು ಪೊಗದಿಯ ಮೊತ್ತ. ಆಮೇಲೆ ನಿಷೇಧಗಳು: ಕಂಪನಿಯ ಅರಿವಿಲ್ಲದೆ ಬೇರೆ ರಾಜ್ಯದೊಂದಿಗೆ ಪತ್ರವ್ಯವಹಾರ ಕೂಡದು, ಯುರೋಪಿನ ಅನ್ಯ ದೇಶದವರನ್ನು ಕೆಲಸಕ್ಕೆ ಇಟ್ಟುಕೊಳ್ಳಕೂಡದು. ಕೊನೆಗೆ ಆಡಳಿತದ ವಿಷಯದಲ್ಲಿ ಕಂಪನಿಯ ಸಲಹೆ ಕೇಳುವ ವಾಗ್ದಾನ.

1769ರ ಪತ್ರದಲ್ಲಿ ಇಬ್ಬರ ಕರ್ತವ್ಯವೂ ಒಂದೇ ಬಗೆಯದು. 1798ರ ಬಗೆಯಲ್ಲಿ ಮಿತ್ರನ ಕರ್ತವ್ಯ ತಿಂಗಳು, ವರ್ಷ, ಮೊತ್ತಗಳಲ್ಲಿ ಅಳತೆಗೊಂಡಿದೆ. ಕಂಪನಿಯ ಕರ್ತವ್ಯ ರಕ್ಷಣೆ ಎಂಬ ಒಂದೇ ಪದದಲ್ಲಿದೆ. ಕಂತು ತಪ್ಪಿದರೆ ಅದು ಲೆಕ್ಕದ ಪುಸ್ತಕದಲ್ಲಿ ಮಾರನೆಯ ದಿನವೇ ಕಾಣುತ್ತದೆ. ರಕ್ಷಣೆ ತಪ್ಪಿದರೆ ಅದನ್ನು ತೀರ್ಮಾನಿಸುವವರು ಕಂಪನಿಯವರೇ. ಒಪ್ಪಂದದ ಅರ್ಥ ಹೇಳಬಲ್ಲ ಮೂರನೆಯ ಸಂಸ್ಥೆ ಯಾವುದೂ ಇರಲಿಲ್ಲ. ಈ ಮೈತ್ರಿಗಳ ಎಲ್ಲ ದೋಷಗಳ ಬೇರು ಅಲ್ಲಿದೆ.

ಕೊಡಗು

ಕೊಡಗಿನ ದೊಡ್ಡವೀರರಾಜೇಂದ್ರ 1788ರ ಕೊನೆಯಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಟಿಪ್ಪುವಿನ ವಿರುದ್ಧ ತನ್ನ ನಾಡನ್ನು ಸಂಘಟಿಸಿದ. 1790ರ ಅಕ್ಟೋಬರಿನಲ್ಲಿ ತಲಚೇರಿಯ ಕಂಪನಿ ಅಧಿಕಾರಿ ರಾಬರ್ಟ್ ಟೇಲರನೊಂದಿಗೆ ಅವನ ಒಪ್ಪಂದವಾಯಿತು. ಟಿಪ್ಪುವನ್ನು ಸಮಾನ ಶತ್ರುವೆಂದು ಬಗೆಯುವುದು, ಕಂಪನಿಯ ದಂಡಿಗೆ ದಾರಿ ಮತ್ತು ದಿನಸಿ ಒದಗಿಸುವುದು ಅವನ ಹೊಣೆ. ಕೊಡಗಿನ ಸ್ವಾತಂತ್ರ್ಯವನ್ನು ಕಾಯುವುದು ಮತ್ತು ಟಿಪ್ಪುವಿನೊಂದಿಗೆ ಸಂಧಿಯಾದಾಗ ಅವನ ಹಿತವನ್ನು ಮರೆಯದಿರುವುದು ಕಂಪನಿಯ ಹೊಣೆ. ಮುಂಬಯಿ ಸೈನ್ಯದ ಜನರಲ್ ಅಬರ್‌ಕ್ರಾಂಬಿ ಕೊಡಗಿನ ಕಣಿವೆಗಳ ಮೂಲಕ ಘಟ್ಟ ಹತ್ತಿದ್ದು ಅರಸನ ಅಕ್ಕಿ, ಎತ್ತು, ಆಳುಗಳ ಬಲದಿಂದ. ಇಬ್ಬರೂ ಭೇಟಿಯಾದ ನೆನಪಿಗೆ 1792ರಲ್ಲಿ ಕಟ್ಟಿಸಿದ ಊರೇ ವೀರರಾಜೇಂದ್ರಪೇಟೆ, ಇಂದಿನ ವಿರಾಜಪೇಟೆ.

1792ರ ಸಂಧಿಯಲ್ಲಿ ಕೊಡಗನ್ನೂ ತನಗೆ ಬರಬೇಕಾದ ಪ್ರದೇಶಗಳ ಪಟ್ಟಿಗೆ ಸೇರಿಸಬೇಕೆಂದು ಕಾರ್ನ್‌ವಾಲಿಸ್ ಪಟ್ಟುಹಿಡಿದ. ಶ್ರೀರಂಗಪಟ್ಟಣದ ಹೆಬ್ಬಾಗಿಲಿಗೇ ಹತ್ತಿಕೊಂಡಿರುವ ಕೊಡಗನ್ನು ಬಿಡಲು ಟಿಪ್ಪು ಸುತರಾಂ ಒಪ್ಪಲಿಲ್ಲ. ಮಾತುಕತೆ ಮುರಿದು ಮುತ್ತಿಗೆ ಮರಳಿ ಆರಂಭವಾಗುವ ಹಂತಕ್ಕೆ ಹೋಯಿತು. ಕೊನೆಗೆ ಟಿಪ್ಪು ಮಣಿದ. ಪುಟ್ಟ ಮಿತ್ರನೊಬ್ಬನಿಗಾಗಿ ಕಂಪನಿ ಸಂಧಿಯನ್ನೇ ಪಣಕ್ಕಿಟ್ಟ ಈ ಘಟನೆಯನ್ನು ಮಾತು ತಪ್ಪಿದ ಘಟನೆಗಳಷ್ಟೇ ಎದ್ದು ಕಾಣುವಂತೆ ದಾಖಲಿಸಬೇಕು. 1793ರಲ್ಲಿ 24,000 ರೂಪಾಯಿ ವಾರ್ಷಿಕ ಕಪ್ಪ ಗೊತ್ತಾಯಿತು. 1799ರ ಮಾರ್ಚ್ 6ರಂದು ಪಿರಿಯಾಪಟ್ಟಣದ ಬಳಿಯ ಸಿದ್ಧೇಶ್ವರದಲ್ಲಿ ಟಿಪ್ಪು ಮುಂಬಯಿ ಸೈನ್ಯದ ಮೇಲೆ ಎರಗಿದಾಗಲೂ ಅರಸ ಅದರ ಜೊತೆಗಿದ್ದ. ಯುದ್ಧದ ನಂತರ ಕಪ್ಪದ ಬದಲು ವರ್ಷಕ್ಕೊಂದು ಆನೆ ಸಾಕೆಂದು ಕಂಪನಿ ಒಪ್ಪಿತು. ಪಂಜ, ಬೆಳ್ಳಾರೆ ಮೊದಲಾದ ಘಟ್ಟದ ಕೆಳಗಿನ ಪ್ರದೇಶಗಳೂ ಅವನಿಗೆ ಬಂದವು. ಅರಸ ಬರೆಯಿಸಿದ ‘ರಾಜೇಂದ್ರನಾಮೆ’ ಎಂಬ ಕನ್ನಡ ಚರಿತ್ರೆಯಲ್ಲಿ ಈ ಮೈತ್ರಿಯ ವಿವರಗಳಿವೆ.

ಮೈತ್ರಿಯ ಎರಡನೆಯ ಅಧ್ಯಾಯ ಬೇರೆಯದೇ. ಗಂಡುಮಕ್ಕಳಿಲ್ಲದ ದೊಡ್ಡವೀರರಾಜೇಂದ್ರ ತನ್ನ ಮಗಳು ದೇವಮ್ಮಾಜಿಯ ಹಕ್ಕನ್ನು ಕಾಯಬೇಕೆಂದು ಕಂಪನಿಗೆ ಬರೆದಿದ್ದ. 1809ರಲ್ಲಿ ಅವನು ತೀರಿಕೊಂಡ ಮೇಲೆ ತಮ್ಮ ಲಿಂಗರಾಜೇಂದ್ರ ಆ ಹುಡುಗಿಯನ್ನು ಸರಿಸಿ ತಾನೇ ಅರಸನೆಂದು 1811ರಲ್ಲಿ ಘೋಷಿಸಿಕೊಂಡಾಗ ಕಂಪನಿ ಅದನ್ನು ಒಪ್ಪಿಕೊಂಡಿತು. ಟಿಪ್ಪು ಸತ್ತು ಹನ್ನೆರಡು ವರ್ಷವಾಗಿತ್ತು. ಕೊಡಗಿನ ಕಣಿವೆಗಳಿಂದ ಯಾವ ದಂಡೂ ಹಾಯಬೇಕಾಗಿರಲಿಲ್ಲ. 1834ರ ಏಪ್ರಿಲಿನಲ್ಲಿ ಲಿಂಗರಾಜೇಂದ್ರನ ಮಗ ಚಿಕ್ಕವೀರರಾಜೇಂದ್ರನ ದುರಾಡಳಿತ ಮತ್ತು ಕ್ರೌರ್ಯವನ್ನು ಕಾರಣವಾಗಿ ತೋರಿಸಿ ಕಂಪನಿಯ ಪಡೆಗಳು ನಾಲ್ಕು ದಿಕ್ಕುಗಳಿಂದ ಕೊಡಗಿಗೆ ನುಗ್ಗಿದವು. ಮೇ 7ರಂದು ಕೊಡಗು ಕಂಪನಿಯದಾಯಿತು. ಆ ಕ್ರೌರ್ಯದ ಆರೋಪಗಳಲ್ಲಿ ಹುರುಳಿಲ್ಲದಿರಲಿಲ್ಲ. ಆದರೆ 1790ರ ಒಪ್ಪಂದ ಒಬ್ಬ ಅರಸನಿಗಷ್ಟೇ ಕೊಟ್ಟ ಮಾತೋ, ಆ ನಾಡಿಗೆ ಕೊಟ್ಟ ಮಾತೋ ಎಂಬ ಪ್ರಶ್ನೆಗೆ ಕಂಪನಿ ಉತ್ತರಿಸಲಿಲ್ಲ. ಸುಳ್ಯ, ಪುತ್ತೂರು ಕಡೆಯ ಪ್ರದೇಶಗಳನ್ನು ಕೊಡಗಿನಿಂದ ಕತ್ತರಿಸಿ ಕೆನರಾ ಜಿಲ್ಲೆಗೆ ಸೇರಿಸಿದ್ದು 1837ರ ಅಮರಸುಳ್ಯ ದಂಗೆಗೆ ಒಂದು ಕಾರಣ. ಪದಚ್ಯುತ ಅರಸ ಕಾಶಿಯಲ್ಲಿದ್ದು, 1852ರಲ್ಲಿ ಮಗಳು ಗೌರಮ್ಮನೊಂದಿಗೆ ಇಂಗ್ಲೆಂಡಿಗೆ ಹೋಗಿ, ಕಂಪನಿಯಲ್ಲಿ ಇಟ್ಟಿದ್ದ ಮನೆತನದ ಹಣಕ್ಕಾಗಿ ಲಂಡನಿನ ಚಾನ್ಸರಿ ನ್ಯಾಯಾಲಯದಲ್ಲಿ ದಾವೆ ಹೂಡಿದ. 1859ರಲ್ಲಿ ಅಲ್ಲೇ ಮಡಿದ.

ಮಲಬಾರು, ತಿರುವಾಂಕೂರು, ಆರ್ಕಾಟು

1790ರ ಯುದ್ಧದಲ್ಲಿ ಮಲಬಾರಿನ ಅರಸರು ಕಂಪನಿಯ ಕೌಲು ಪಡೆದು ಟಿಪ್ಪುವಿನ ವಿರುದ್ಧ ಎದ್ದರು. 1792ರಲ್ಲಿ ಮಲಬಾರು ಕಂಪನಿಯ ಪಾಲಿಗೆ ಬಂದಾಗ, ಟಿಪ್ಪು ತಮ್ಮಿಂದ ಕಸಿದ ನಾಡು ತಮಗೆ ಮರಳಲಿಲ್ಲ, ಮತ್ತೊಬ್ಬ ಒಡೆಯನಿಗೆ ಹೋಯಿತು ಎಂದು ಅವರು ಕಂಡುಕೊಂಡರು. ಕೋಟ್ಟಯಂ ಮನೆತನದ ಪಳಶ್ಶಿರಾಜನ ಸೀಮೆಯ ಕಂದಾಯವನ್ನು ಅವನ ಮಾವನಿಗೆ ಗುತ್ತಿಗೆ ಕೊಡಲಾಯಿತು. ಅವನು ವಯನಾಡಿನ ಕಾಡುಗಳಿಂದ ವರ್ಷಗಟ್ಟಲೆ ಹೋರಾಡಿ 1805ರ ನವೆಂಬರಿನಲ್ಲಿ ಮಡಿದ. ತಿರುವಾಂಕೂರಿನ ರಕ್ಷಣೆಯೇ ಯುದ್ಧಕ್ಕೆ ಕಾರಣವೆಂದು ಕಂಪನಿ ಹೇಳಿಕೊಂಡಿತ್ತು. 1805ರ ಒಪ್ಪಂದದಲ್ಲಿ ಆ ರಾಜ್ಯದ ಪೊಗದಿ ವರ್ಷಕ್ಕೆ 8 ಲಕ್ಷ ರೂಪಾಯಿಗೆ ಏರಿ, ಅದರ ಭಾರ 1808–09ರ ವೇಲುತಂಬಿಯ ದಂಗೆಗೆ ದಾರಿಮಾಡಿತು. ಕಂಪನಿಯ ಅತಿ ಹಳೆಯ ಮಿತ್ರ ಮುಹಮ್ಮದ್ ಅಲಿ ಸಾಲದಲ್ಲೇ 1795ರಲ್ಲಿ ತೀರಿಕೊಂಡ. ಶ್ರೀರಂಗಪಟ್ಟಣದಲ್ಲಿ ಸಿಕ್ಕ ಪತ್ರಗಳಲ್ಲಿ ಅವನೂ ಅವನ ಮಗನೂ ಟಿಪ್ಪುವಿನೊಂದಿಗೆ ಗುಟ್ಟು ನಡೆಸಿದ್ದರೆಂದು ಆರೋಪಿಸಿ 1801ರಲ್ಲಿ ಕರ್ನಾಟಿಕ್ ಸೀಮೆಯ ಆಡಳಿತವನ್ನು ಕಂಪನಿ ವಹಿಸಿಕೊಂಡಿತು.

ಮೈಸೂರು, 1799–1881

1799ರ ಜೂನ್ 22ರ ವಿಭಜನೆಯ ಒಪ್ಪಂದದಿಂದ ಮೈಸೂರು ಕಿರಿದಾಗಿ ಉಳಿಯಿತು. ಜುಲೈ 8ರ ಒಪ್ಪಂದದಂತೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ ರಾಜ್ಯ ವರ್ಷಕ್ಕೆ 7 ಲಕ್ಷ ವರಾಹ, ಅಂದರೆ 24.5 ಲಕ್ಷ ರೂಪಾಯಿ, ಪೊಗದಿ ತೆರಬೇಕಾಯಿತು. ಪೊಗದಿಗೆ ಧಕ್ಕೆ ಬರುವಂತಾದರೆ ಕಂಪನಿ ಆಡಳಿತಕ್ಕೆ ಕೈಹಾಕಬಹುದೆಂಬ ಷರತ್ತು ಅದರಲ್ಲಿತ್ತು. 1807ರ ಪೂರಕ ಒಪ್ಪಂದ 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿಡಬೇಕೆಂದು ವಿಧಿಸಿತು. ಮೈಸೂರಿನ ಸಿಲೇದಾರ್ ಪಡೆಗಳು 1800ರಲ್ಲಿ ಧೋಂಡಿಯ ವಾಘನ ವಿರುದ್ಧವೂ 1803 ಮತ್ತು 1817ರ ಮರಾಠಾ ಯುದ್ಧಗಳಲ್ಲೂ ಕಂಪನಿಗಾಗಿ ಹೋರಾಡಿದವು.

1830–31ರ ನಗರ ದಂಗೆಯ ಬಳಿಕ ಗವರ್ನರ್ ಜನರಲ್ ಬೆಂಟಿಂಕ್ ಇಡೀ ರಾಜ್ಯದ ಆಡಳಿತವನ್ನು ಮಹಾರಾಜರಿಂದ ತೆಗೆದುಕೊಂಡ. ಷರತ್ತು ಪೊಗದಿಯ ಭದ್ರತೆಗೆ ಬೇಕಾದಷ್ಟು ಭಾಗವನ್ನು ವಹಿಸಿಕೊಳ್ಳಲು ಮಾತ್ರ ಅವಕಾಶ ಕೊಟ್ಟಿತ್ತೆಂಬ ವಾದ ಆಗಲೇ ಎದ್ದಿತು. ಬೆಂಟಿಂಕನೇ ನಂತರ ರಾಜ್ಯದ ಹೆಚ್ಚಿನ ಭಾಗವನ್ನು ಹಿಂತಿರುಗಿಸುವ ಸಲಹೆ ಮುಂದಿಟ್ಟ, ಲಂಡನ್ ಒಪ್ಪಲಿಲ್ಲ. ಕೃಷ್ಣರಾಜ ಒಡೆಯರು ಮೂರೂವರೆ ದಶಕ ಒಪ್ಪಂದದ ಮಾತನ್ನೇ ಹಿಡಿದು ಮನವಿ ಮೇಲೆ ಮನವಿ ಸಲ್ಲಿಸಿದರು. 1867ರಲ್ಲಿ ದತ್ತುಪುತ್ರನ ಹಕ್ಕು ಮಾನ್ಯವಾಯಿತು. ಮಾರನೆಯ ವರ್ಷ ಅವರು ತೀರಿಕೊಂಡರು. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಹಿಂತಿರುಗಿದಾಗ ಪೊಗದಿ 35 ಲಕ್ಷ ರೂಪಾಯಿಗೆ ಏರಿತ್ತು. 1928ರಲ್ಲಿ ಅದರಿಂದ 10.5 ಲಕ್ಷ ಇಳಿಯಿತು. ಕೊಟ್ಟ ರಾಜ್ಯವನ್ನು ಕಿತ್ತುಕೊಂಡು ಮತ್ತೆ ಕೊಟ್ಟ ಇಂಥ ಪ್ರಕರಣ ಬ್ರಿಟಿಷ್ ಆಳ್ವಿಕೆಯ ಚರಿತ್ರೆಯಲ್ಲಿ ಅಪರೂಪ.

ಕಿತ್ತೂರು

1818ರಲ್ಲಿ ಪೇಶ್ವೆಯ ವಿರುದ್ಧದ ಯುದ್ಧದಲ್ಲಿ ಬೆಳಗಾವಿ ಕೋಟೆಗೆ ಮನ್ರೋ ಮುತ್ತಿಗೆ ಹಾಕಿದಾಗ ಕಿತ್ತೂರಿನ ದೇಸಾಯಿ ಅವನಿಗೆ ನೆರವಾದ. ಪ್ರತಿಯಾಗಿ ಕಪ್ಪ ಕೊಡುವ ಷರತ್ತಿನ ಮೇಲೆ ಸಂಸ್ಥಾನವನ್ನು ಸ್ಥಿರಪಡಿಸುವ ಸನದು ಸಿಕ್ಕಿತು. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುನ್ನ ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡದೆ ಭಂಡಾರಕ್ಕೆ ಕಾವಲು ಹಾಕಿಸಿದ. ಸನದು ಕೊಟ್ಟವರಿಗೆ ಅದನ್ನು ಹಿಂತೆಗೆದುಕೊಳ್ಳುವ ಹಕ್ಕೂ ಇದೆ ಎಂಬುದು ಕಂಪನಿಯ ತರ್ಕ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಕಿತ್ತೂರಿನ ಹೋರಾಟವನ್ನು ಮುನ್ನಡೆಸಿದ ರಾಣಿ ಚೆನ್ನಮ್ಮ 1829ರ ಫೆಬ್ರವರಿಯಲ್ಲಿ ಬೈಲಹೊಂಗಲದ ಸೆರೆಯಲ್ಲಿ ಮಡಿದಳು. ಮಿತ್ರನೆಂಬ ಸನದಿಗೂ ಮುತ್ತಿಗೆಗೂ ನಡುವಿನ ಅಂತರ ಆರು ವರ್ಷ.

ಇತರ ಶಕ್ತಿಗಳ ನಡತೆ

ಮೈತ್ರಿಯನ್ನು ಕೈಬಿಟ್ಟವರು ಕಂಪನಿಯವರಷ್ಟೇ ಅಲ್ಲ. 1767ರಲ್ಲಿ ಕಂಪನಿಯ ಜೊತೆ ಯುದ್ಧಕ್ಕೆ ಹೊರಟ ನಿಜಾಮ ನಡುದಾರಿಯಲ್ಲಿ ಹೈದರನನ್ನು ಸೇರಿ, ತಿರುವಣ್ಣಾಮಲೈಯಲ್ಲಿ ಸೋತ ಮೇಲೆ 1768ರಲ್ಲಿ ಮತ್ತೆ ಕಂಪನಿಯ ಕಡೆ ಬಂದ. ಹೈದರನೊಂದಿಗೆ ಕೂಟ ಕಟ್ಟಿದ್ದ ಮರಾಠರು ಅವನು ಇನ್ನೂ ರಣದಲ್ಲಿರುವಾಗಲೇ 1782ರ ಮೇ ತಿಂಗಳಲ್ಲಿ ಸಾಲಬಾಯಿಯಲ್ಲಿ ಸಂಧಿ ಮಾಡಿಕೊಂಡರು. ಯುರೋಪಿನಲ್ಲಿ ಶಾಂತಿಯಾದ ಸುದ್ದಿ ಬಂದೊಡನೆ, 1783ರಲ್ಲಿ, ಮಂಗಳೂರಿನ ಮುತ್ತಿಗೆಯಲ್ಲಿ ಟಿಪ್ಪುವಿನ ಜೊತೆಗಿದ್ದ ಫ್ರೆಂಚ್ ತುಕಡಿ ಹಿಂದೆ ಸರಿಯಿತು. 1798ರಲ್ಲಿ ಮಾರಿಷಸ್ಸಿನಿಂದ ದೊಡ್ಡ ನೆರವನ್ನು ಎದುರುನೋಡಿದ ಟಿಪ್ಪುವಿಗಾಗಿ ಮಂಗಳೂರಿನಲ್ಲಿ ಇಳಿದವರು ನೂರು ಮಂದಿಯೂ ಇರಲಿಲ್ಲ. ವ್ಯತ್ಯಾಸವಿದ್ದುದು ಪರಿಣಾಮದಲ್ಲಿ. ನಿಜಾಮ ಕೈಬಿಟ್ಟರೆ ಕಂಪನಿ ಒಂದು ಯುದ್ಧವನ್ನು ಕಷ್ಟಪಟ್ಟು ಮಾಡಬೇಕಾಗುತ್ತಿತ್ತು. ಕಂಪನಿ ಕೈಬಿಟ್ಟರೆ ಮಿತ್ರನ ರಾಜ್ಯವೇ ಹೋಗುತ್ತಿತ್ತು.

ಚರ್ಚೆ

ಈ ನಂಬಿಕೆಯ ಪ್ರಶ್ನೆಯನ್ನು ಮೊದಲು ಎತ್ತಿದವರಲ್ಲಿ ಕಂಪನಿಯ ಅಧಿಕಾರಿಗಳೇ ಇದ್ದರು. ಶೋರನ ತಾಟಸ್ಥ್ಯ ಮಿತ್ರರ ವಿಶ್ವಾಸವನ್ನು ಕಳೆಯಿತೆಂದು ಜಾನ್ ಮಾಲ್ಕಮ್ ಟೀಕಿಸಿದ. ಎಡ್ಮಂಡ್ ಬರ್ಕ್ 1785ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಆರ್ಕಾಟಿನ ನವಾಬನ ಸಾಲಗಳ ಕುರಿತು ಮಾಡಿದ ದೀರ್ಘ ಭಾಷಣ, ಸಾಲ ಕೊಟ್ಟ ಖಾಸಗಿ ವ್ಯಕ್ತಿಗಳ ಲಾಭ ಹೇಗೆ ಯುದ್ಧ ಮತ್ತು ಸಂಧಿಗಳನ್ನು ನಿರ್ಧರಿಸಿತೆಂದು ಬಯಲಿಗೆಳೆಯಿತು. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಿಂದ ಪ್ರಕಟಿಸಿದ ದಕ್ಷಿಣ ಭಾರತದ ಚರಿತ್ರೆಯೂ, 20ನೆಯ ಶತಮಾನದಲ್ಲಿ ಸಿ. ಹಯವದನರಾಯರು ಬರೆದ ಮೈಸೂರಿನ ಚರಿತ್ರೆಯೂ ಈ ವಿಷಯದ ಪ್ರಧಾನ ಗ್ರಂಥಗಳು.

ಮಾತು ಉಳಿದ ಮತ್ತು ಮುರಿದ ಪ್ರಕರಣಗಳನ್ನು ಜೊತೆಗಿಟ್ಟು ನೋಡಿದರೆ ಗವರ್ನರುಗಳ ಸ್ವಭಾವದಿಂದ ಮಾತ್ರ ಇವನ್ನು ವಿವರಿಸಲಾಗದು. 1771ರ ಹೈದರ್ ಮತ್ತು 1792ರ ದೊಡ್ಡವೀರರಾಜೇಂದ್ರ ಇಬ್ಬರ ಕೈಯಲ್ಲೂ ಸ್ಪಷ್ಟ ಪತ್ರವಿತ್ತು. ಮೊದಲನೆಯವನ ಸೋಲು ಮದ್ರಾಸಿಗೆ ಅನುಕೂಲವಾಗಿತ್ತು. ಎರಡನೆಯವನ ನೆಲ ಟಿಪ್ಪುವಿನ ಮೇಲಿನ ಮುಂದಿನ ಯುದ್ಧಕ್ಕೆ ಬೇಕಾಗಿತ್ತು. ಸಮಾನ ಶತ್ರು ಬದುಕಿರುವವರೆಗೆ ಮಿತ್ರನ ಮಾತಿಗೆ ತೂಕವಿತ್ತು. 1799 ಮತ್ತು 1818ರ ಬಳಿಕ ದಕ್ಷಿಣದಲ್ಲಿ ಅಂಥ ಶತ್ರು ಉಳಿಯಲಿಲ್ಲ. ದತ್ತಕದ ಹಕ್ಕು, ಪೊಗದಿಯ ಷರತ್ತು, ದುರಾಡಳಿತದ ಆರೋಪ ಇವೆಲ್ಲ ಬಳಕೆಗೆ ಬಂದದ್ದು ಆ ಮೇಲೆಯೇ.

ನಂತರದ ಸ್ಥಿತಿ

1858ರ ನವೆಂಬರ್ 1ರ ರಾಣಿ ವಿಕ್ಟೋರಿಯಾ ಘೋಷಣೆ ಕಂಪನಿಯ ಒಪ್ಪಂದಗಳನ್ನು ಬ್ರಿಟಿಷ್ ಸಿಂಹಾಸನ ಪಾಲಿಸುವುದೆಂದು ಸಾರಿತು. 1929ರ ಬಟ್ಲರ್ ಸಮಿತಿ ವರದಿ ಒಪ್ಪಂದದ ಅಕ್ಷರಕ್ಕಿಂತ ಪರಮಾಧಿಕಾರವೇ ಮೇಲೆಂದಿತು. 1947ರ ಭಾರತ ಸ್ವಾತಂತ್ರ್ಯ ಕಾಯಿದೆಯ 7ನೆಯ ಕಲಮಿನಂತೆ ಬ್ರಿಟಿಷ್ ಸಿಂಹಾಸನ ಮತ್ತು ಸಂಸ್ಥಾನಗಳ ನಡುವಿನ ಒಪ್ಪಂದಗಳು ಆಗಸ್ಟ್ 15ರಂದು ರದ್ದಾದವು. ಶಾಶ್ವತವೆಂದು ಬರೆದಿದ್ದ ಮೈಸೂರಿನ 1799ರ ಪತ್ರಕ್ಕೆ ಆಗ 148 ವರ್ಷ. ಮದ್ರಾಸ್ ಸರ್ಕಾರದ ಕಡತಗಳು ಚೆನ್ನೈನ ತಮಿಳುನಾಡು ದಾಖಲೆ ಕೇಂದ್ರದಲ್ಲೂ ಗವರ್ನರ್ ಜನರಲ್‌ನ ಪತ್ರಗಳು ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲೂ ಇವೆ. ದತ್ತ ಮಂಡಲದ ತೆಲುಗು ಜಿಲ್ಲೆಗಳು 1928ರಿಂದ ರಾಯಲಸೀಮೆ ಎಂಬ ಹೆಸರು ತಾಳಿದವು. ಬಳ್ಳಾರಿ 1953ರಲ್ಲಿ ಮೈಸೂರು ರಾಜ್ಯಕ್ಕೆ ಮರಳಿ ಸೇರಿತು.